ಲೇಬಲ್ ಕಳಚಿದ ಮೇಲೆ ಕೇಳಿಸಿದ್ದು

ಬೆರಳಿನ ಒಂದು ತಳ್ಳಿಗೆ ಹಾಡಿನ ಕತ್ತು ಹಿಸುಕಿ ಇನ್ನೊಂದಕ್ಕೆ ಹಾರುವ ಈ ಲೋಕಕ್ಕೆ ಸಂಗೀತ ಕೇಳುವುದು ಹೇಗೆಂದು ನಾನೇ ಕಲಿಸಬೇಕು! ಹಲ್ಲುಜ್ಜುತ್ತಾ, ಬಾಯಿ ತುಂಬ ನೊರೆ ಇಟ್ಟುಕೊಂಡು, ಕನ್ನಡಿಯೆದುರು ಈ ಘೋರ ಪ್ರತಿಜ್ಞೆ ಮಾಡಿದೆ. ಕಿವಿಗೆ ಬಿರಡೆ ಜಡಿದುಕೊಂಡು ಓಡಾಡುವವರ ಮೇಲೆ ನನಗೆ ಮೊದಲಿನಿಂದಲೂ ಸಿಟ್ಟು. ಯಾವ ಗುರುವಿನ ಹಂಗೂ ಇಲ್ಲದೆ, ಮನೆಯ ಮೂಲೆಯ ಪ್ಲೇಯರಿನ ಮುಂದೆ ಕೂತು ಕಲಿತ ಕಿವಿ ನನ್ನದು. ದಶಕಗಳಿಂದ ಕೂಡಿಟ್ಟ ರೆಕಾರ್ಡುಗಳಲ್ಲಿ ಅತ್ಯುತ್ತಮವಾದ ಹತ್ತನ್ನು ಆರಿಸಿ ಅಂಕಣದಲ್ಲಿ ಬರೆಯುವುದು, ಉಳಿದದ್ದನ್ನು ಮನೆಯಿಂದಾಚೆ ಹಾಕುವುದು ಎಂದು ತೀರ್ಮಾನಿಸಿದೆ. ಮೊದಲ ಸ್ಥಾನ ಯಾರಿಗೆಂಬ ಪ್ರಶ್ನೆಯೇ ಇರಲಿಲ್ಲ. ಪಿಟೀಲಿನ ಮಹಾವಿದ್ವಾಂಸರೊಬ್ಬರ ಆಲ್ಬಮ್ಮಿಗೆ ಆ ಗದ್ದುಗೆ ಎಂದೋ ಮೀಸಲಾಗಿತ್ತು. ಮನೆಗೆ ಬಂದವರಿಗೆ ನೀರು ಕೊಡುವ ಮೊದಲೇ ಅದರ ಕವರ್ ತೋರಿಸುತ್ತಿದ್ದೆ.

ಸಂಪಾದಕರು ಒಪ್ಪಿದರು, ಜೊತೆಗೆ ಫೋಟೋ ಬೇಕೆಂದರು. ತೆಗೆದು ನೋಡಿದರೆ ಒಂದೊಂದು ರೆಕಾರ್ಡಿನ ಮೇಲೂ ಸೊಪ್ಪು ಬೆಳೆಯಬಹುದಾದಷ್ಟು ಧೂಳು! ಅಕ್ಕನ ಮನೆಗೆ ಹೊರಟಿದ್ದ ಹೆಂಡತಿ ಬಾಗಿಲಲ್ಲಿ ನಿಂತು ನೋಡಿದಳು.

"ಒದ್ದೆ ಬಟ್ಟೇಲಿ ಒರೆಸಿದ್ರೆ ಸಾಕು ರೀ. ನೆನೆ ಹಾಕೋಕೆ ಅದೇನು ಕಂಬಳಿ ಅಲ್ಲ. ಅಮ್ಮನ ರೆಕಾರ್ಡನ್ನಂತೂ ಮುಟ್ಟಲೇಬೇಡಿ."

ಅಮ್ಮನ ರೆಕಾರ್ಡಿನ ವಿಷಯ ಹೇಳಿಬಿಡುತ್ತೇನೆ. ನನ್ನ ಅತ್ತೆ ಬಟ್ಟೆ ಗಿರಣಿಯಲ್ಲಿ ದುಡಿದವರು. ಮದುವೆಗೆ ಮುಂಚೆ ಒಂದೇ ಒಂದು ಸಲ ಸಿನಿಮಾ ಹಾಡುಗಳಿಗೆ ಕೋರಸ್ ಹಾಡಿದ್ದರು. ಕವರಿನ ಮೇಲೆ ಖ್ಯಾತ ಗಾಯಕಿಯ ಹೆಸರು ಹಲಗೆಯಷ್ಟು ದೊಡ್ಡದಾಗಿದೆ. ಕೆಳಗೆ ಇರುವೆ ಗಾತ್ರದಲ್ಲಿ "ಮತ್ತು ಸಂಗಡಿಗರು". ಅತ್ತೆ ಆ ಸಂಗಡಿಗರಲ್ಲಿ ಒಬ್ಬರು. ಅವರು ತೀರಿಕೊಂಡ ಮೇಲೆ ಅವರ ದನಿ ಈ ಭೂಮಿಯ ಮೇಲೆ ಉಳಿದಿರುವುದು ಅದೊಂದರಲ್ಲೇ. ಹೆಂಡತಿ ಅದನ್ನು ನಾನಿಲ್ಲದಾಗ ಹಾಕಿಕೊಳ್ಳುತ್ತಾಳೆ. ನಾನಿದ್ದಾಗ ಹಾಕಿದರೆ "ಸಿನಿಮಾ ಗದ್ದಲ" ಎಂದು ಮೂಗು ಮುರಿದು ಎದ್ದು ಹೋಗುತ್ತೇನಲ್ಲ!

ಕಂಬಳಿಯ ಮಾತು ಸ್ವಾಭಿಮಾನಕ್ಕೆ ಚುಚ್ಚಿತು. ಅವಳು ಹೊಸಿಲು ದಾಟಿದ್ದೇ ತಡ, ಬಚ್ಚಲಿನ ಟಬ್ಬಿಗೆ ಬೆಚ್ಚಗಿನ ನೀರು, ಸೋಪಿನ ಪುಡಿ ಸುರಿದು, ಎಲ್ಲ ರೆಕಾರ್ಡುಗಳನ್ನೂ ಮುಳುಗಿಸಿದೆ. ಅತ್ತೆಯದನ್ನೂ ಉದಾರವಾಗಿ ಸೇರಿಸಿದೆ. ನೆನೆಯುವಷ್ಟರಲ್ಲಿ ಅಂಕಣದ ಪೀಠಿಕೆ ಬರೆಯೋಣವೆಂದು ಕೂತೆ. ಸಿಟ್ಟು ಬಂದರೆ ನನ್ನ ಪೆನ್ನು ನಿಲ್ಲುವುದಿಲ್ಲ. ಕಟ್ಟಡ ಕಟ್ಟುವವರು ಯಾರೋ, ಕಲ್ಲಿನ ಮೇಲೆ ಹೆಸರು ಕೆತ್ತಿಸಿಕೊಳ್ಳುವವರು ಯಾರೋ ಎಂದೆಲ್ಲ ಗುಡುಗಿ, ಹೆಸರಿಲ್ಲದವರ ಪರವಾಗಿ ಕಣ್ಣೊದ್ದೆ ಮಾಡಿಕೊಂಡು ಎದ್ದು ಬಂದು ನೋಡುತ್ತೇನೆ, ಟಬ್ಬಿನ ತುಂಬ ಬಣ್ಣಬಣ್ಣದ ಕಾಗದದ ಗಂಜಿ!

ಲೇಬಲ್ಲುಗಳೆಲ್ಲ ಕಳಚಿ ತೇಲುತ್ತಿದ್ದವು. ತಳದಲ್ಲಿ ರೆಕಾರ್ಡುಗಳು ಒಂದೇ ತಾಯಿಯ ಮಕ್ಕಳ ಹಾಗೆ ಕಪ್ಪಗೆ, ದುಂಡಗೆ ಮಲಗಿದ್ದವು. ಮಂಚದ ಮೇಲೆ ಖಾಲಿ ಕವರುಗಳು. ಯಾವುದರೊಳಗೆ ಯಾವುದು?

ಇನ್ನೊಬ್ಬನಾಗಿದ್ದರೆ ಕೂತು ಅಳುತ್ತಿದ್ದ. ನಾನು ಅಂಕಣಕಾರ, ಅನಾಹುತವನ್ನು ಸಿದ್ಧಾಂತ ಮಾಡುವುದೇ ನನ್ನ ಕಸುಬು. ಒಳ್ಳೆಯದೇ ಆಯಿತು, ಇನ್ನು ಹೆಸರಿನ ಹಂಗಿಲ್ಲ, ಇದು ಶುದ್ಧ ಕಿವಿಯ ತೀರ್ಪು ಎಂದು ಘೋಷಿಸಿಕೊಂಡೆ. ಒರೆಸಿ, ಒಣಗಿಸಿ, ಒಂದೊಂದಾಗಿ ಹಾಕಿದೆ. ಮೊದಲ ಹಾಡಿನ ಮೊದಲ ಚೂರು ಕೇಳಿದರೆ ನನಗೆ ಸಾಕು. ಒಂದು ಪಿಟೀಲು ಬಂತು. ಯಾರೋ ಮರಿ ವಿದ್ವಾಂಸ ನಮ್ಮ ಮಹಾವಿದ್ವಾಂಸರನ್ನು ಅನುಕರಿಸಲು ಹೋಗಿ ಬೆಕ್ಕಿನ ಬಾಲ ತುಳಿದಂತಿತ್ತು. ಆಚೆಗೆ! ಇನ್ನೊಂದು ಪಿಟೀಲು ಅವರದೇ ಎಂದು ಖಚಿತವಾಗಿ ಅದನ್ನು ಮೊದಲ ಸ್ಥಾನದಲ್ಲಿಟ್ಟೆ. ಅಷ್ಟರಲ್ಲಿ ಮತ್ತೊಂದು ರೆಕಾರ್ಡು ತಿರುಗಿತು. ವಾದ್ಯವಿಲ್ಲದೆ, ಪದವಿಲ್ಲದೆ, ಮೆಲ್ಲಗೆ, ಹಲವು ಹೆಣ್ಣುದನಿಗಳ ಒಂದು ಎಳೆ. ಅದರಲ್ಲಿ ಎಡಗಡೆಯಿಂದ ಬರುವ ಒಂದು ದನಿ, ಸ್ವಲ್ಪ ಒರಟು. ಸೂಜಿ ಎತ್ತಲು ಚಾಚಿದ ಕೈ ಅಲ್ಲೇ ನಿಂತಿತು. ಯಾವ ದೇಶದ ಯಾವ ಮೇಳವೋ! ಮಹಾವಿದ್ವಾಂಸರನ್ನು ಎರಡಕ್ಕೆ ಇಳಿಸಿ ಇದನ್ನು ಒಂದಕ್ಕೇರಿಸಿದೆ.

ಆಚೆ ಹಾಕಿದ ರಾಶಿಯನ್ನು ಪಕ್ಕದ ಮನೆಯ ಡ್ರಾಯಿಂಗ್ ಮೇಷ್ಟ್ರಿಗೆ ಕೊಟ್ಟೆ. ಅವರು ಹಳೆಯ ರೆಕಾರ್ಡನ್ನು ಓವನ್ನಿನಲ್ಲಿ ಮೆತ್ತಗೆ ಮಾಡಿ, ಅಂಚನ್ನು ಹೂವಿನ ಹಾಗೆ ಮಡಿಸಿ ಬಟ್ಟಲು ಮಾಡುತ್ತಾರೆ. ಸಂಜೆಯೊಳಗೆ ಆ ರಾಶಿಯ ಮೊದಲ ಬಟ್ಟಲು ಕೃತಜ್ಞತೆಯೊಂದಿಗೆ ನಮ್ಮ ಮನೆಗೆ ಬಂತು. ಅದರ ಹಿಂದೆಯೇ ಹೆಂಡತಿ ಬಂದಳು.

ಖಾಲಿ ಕವರು, ಬಟ್ಟಲು, ನನ್ನ ಮುಖ, ಮೂರನ್ನೂ ಒಮ್ಮೆ ನೋಡಿದಳು.

"ಅಮ್ಮನ ರೆಕಾರ್ಡ್ ಎಲ್ಲಿ?"

ಸಿದ್ಧಾಂತ ಹೇಳಲು ಬಾಯಿ ತೆರೆದೆ. ಅವಳು ಆಗಲೇ ಪಕ್ಕದ ಮನೆಯಲ್ಲಿದ್ದಳು. ಉಳಿದ ರಾಶಿಯನ್ನು ಎದೆಗವಚಿಕೊಂಡು ತಂದು, ಒಂದೊಂದನ್ನೂ ಹಾಕಿ ಕೇಳಿದಳು. ಅಮ್ಮ ಇರಲಿಲ್ಲ. ನನ್ನ ಹತ್ತರ ಕಡೆ ಅವಳು ತಿರುಗಿಯೂ ನೋಡಲಿಲ್ಲ. ಅಲ್ಲಿ ಅಮ್ಮನಿಗೆ ಜಾಗ ಇರಲಾರದೆಂದು ಅವಳಿಗೆ ಗೊತ್ತಿತ್ತು. ನನಗೂ ಗೊತ್ತಿತ್ತು. ಹಾಗಾದರೆ ಉಳಿದದ್ದು ಬಟ್ಟಲು. ಅವಳು ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಬೈಯಲಿಲ್ಲ. ಬಟ್ಟಲನ್ನು ಮಡಿಲಲ್ಲಿಟ್ಟುಕೊಂಡು ಒಳಗೆ ಬೆರಳಾಡಿಸುತ್ತಾ ಕೂತಳು. ಹೆಸರಿಲ್ಲದವರ ಬಗ್ಗೆ ಬೆಳಿಗ್ಗೆ ನಾನು ಬರೆದಿದ್ದ ಹಾಳೆ ಮೇಜಿನ ಮೇಲೆ ಫ್ಯಾನಿನ ಗಾಳಿಗೆ ಪಟಪಟ ಎನ್ನುತ್ತಿತ್ತು. ಹರಿದು ತಿಂದುಬಿಡೋಣ ಅನ್ನಿಸಿತು.

ಬೆರಳು ಒಂದು ಕಡೆ ನಿಂತಿತು. ಬಟ್ಟಲನ್ನು ದೀಪಕ್ಕೆ ಹಿಡಿದಳು.

"ಇಲ್ಲೇನೋ ನಂಬರ್ ಗೀರಿದ್ದಾರೆ ರೀ."

ಹಾಡು ಮುಗಿಯುವ ಕಡೆ, ನುಣುಪಾದ ಕಪ್ಪು ಉಂಗುರದಲ್ಲಿ ಸಣ್ಣ ಅಂಕಿಗಳು! ಕವರುಗಳ ಬೆನ್ನಿನಲ್ಲೂ ಅವೇ ಅಂಕಿಗಳಿದ್ದವು. ಇಷ್ಟು ವರ್ಷದಿಂದ ಪ್ರತಿ ರೆಕಾರ್ಡಿನ ಮೇಲೂ ಇದ್ದದ್ದನ್ನು ಈ ಮಹಾರಸಿಕ ನೋಡಿರಲಿಲ್ಲ. ಅವಳು ಮೊದಲು ಅಮ್ಮನ ಕವರಿಗೆ ಹಿಡಿದಳು. ಹೊಂದಲಿಲ್ಲ. ಉಳಿದವಕ್ಕೆ ಹಿಡಿಯುತ್ತಾ ಹೋಗಿ ಒಂದನ್ನು ನನ್ನ ಕೈಗಿಟ್ಟಳು. ಪಿಟೀಲಿನ ಮಹಾವಿದ್ವಾಂಸರು! ಬಟ್ಟಲಾಗಿದ್ದವರು ಅವರು! ಬೆಕ್ಕಿನ ಬಾಲದವರು!

ನನ್ನ ದುಃಖಕ್ಕೆ ಅಲ್ಲಿ ಪುರುಸೊತ್ತಿರಲಿಲ್ಲ. "ಹಾಗಾದ್ರೆ ಅಮ್ಮ ನಿಮ್ಮ ಹತ್ತರಲ್ಲೇ ಇರ್ಬೇಕು" ಎಂದಳು. ಸಾಧ್ಯವೇ ಇಲ್ಲ, ಅವು ನಾನೇ ಆರಿಸಿದವು ಎಂದೆ.

"ಹಾಕಿ."

ಮೊದಲ ಸ್ಥಾನದ್ದನ್ನೇ ಹಾಕಿದೆ. ಹೆಣ್ಣುದನಿಗಳ ಎಳೆ ಎದ್ದಿತು. ಎಡಗಡೆಯಿಂದ ಆ ಒರಟು ದನಿ ಬರುತ್ತಿದ್ದ ಹಾಗೆ ಅವಳ ಕೈ ತಾನಾಗಿ ಬಾಯಿಗೆ ಹೋಯಿತು.

"ಅಮ್ಮ" ಎಂದಳು. ಆಮೇಲೆ ನನ್ನ ಕಡೆ ತಿರುಗಿ, "ಇದು ನಿಮ್ಮ ಎಷ್ಟನೇದು?"

"ಒಂದನೇದು" ಎಂದೆ. ಅಷ್ಟು ಸಣ್ಣ ದನಿ ನನ್ನ ಗಂಟಲಲ್ಲಿದೆಯೆಂದು ನನಗೇ ತಿಳಿದಿರಲಿಲ್ಲ.

ರೆಕಾರ್ಡು ಇನ್ನೂ ತಿರುಗುತ್ತಿದ್ದಾಗ ಸಂಪಾದಕರ ಫೋನು ಬಂತು. ಮೊದಲ ಸ್ಥಾನ ಹೆಣ್ಣುದನಿಗಳ ಮೇಳವೊಂದಕ್ಕೆ ಎಂದು ಮಧ್ಯಾಹ್ನವೇ ಅವರಿಗೆ ತಿಳಿಸಿದ್ದೆ; ಆ ಆಲ್ಬಮ್ಮಿನ ಮುಖ್ಯ ಗಾಯಕಿ ಯಾರೆಂದು ಕೇಳಿದರು. ಕವರು ಹೆಂಡತಿಯ ಮಡಿಲಲ್ಲಿತ್ತು. ಆ ಹಲಗೆಯಷ್ಟು ದೊಡ್ಡ ಹೆಸರು ಎಷ್ಟು ಕೆದಕಿದರೂ ನನ್ನ ನಾಲಿಗೆಗೆ ಬರಲಿಲ್ಲ.

"ಗಮನಿಸಲಿಲ್ಲ ಸಾರ್" ಎಂದೆ.

ಇಷ್ಟು ವರ್ಷ ಸಂಗೀತದ ಬಗ್ಗೆ ಬರೆದವರು ಹೀಗಂದರೆ ಹೇಗೆ ಎಂದು ಅವರು ರೇಗಿದರು. ಹೆಂಡತಿ ನನ್ನ ಕೈಯಿಂದ ಫೋನು ತೆಗೆದುಕೊಂಡಳು.

"ಬೇಜಾರು ಮಾಡ್ಕೋಬೇಡಿ ಸಾರ್. ಇವರಿಗೆ ಬರೆಯೋದು ಮಾತ್ರ ಬರ್ತಿತ್ತು. ಕೇಳೋದನ್ನ ಇವತ್ತು ಶುರು ಮಾಡಿದ್ದಾರೆ."