ರೊಟ್ಟಿ ಗಂಟು ಹೊತ್ತು ವಿಶಾಖಪಟ್ಟಣದ ಗುಡ್ಡ ಹತ್ತಿದ್ದು

ಹಡಗು ಹತ್ತುವ ಮೊದಲು ಸಿಗುವ ಮೂರ್ನಾಲ್ಕು ತಾಸಿನಲ್ಲಿ ಇಡೀ ವಿಶಾಖಪಟ್ಟಣವನ್ನು ಗೆದ್ದುಬಿಡುತ್ತೇನೆ ಎಂದು ನಾನು ಘೋಷಿಸಿದ್ದು ಖರೆ. ಕಾರಿಲ್ಲ, ಆಟೊ ಇಲ್ಲ, ಗೈಡ್ ಎಂಬ ಪ್ರಾಣಿಯಂತೂ ಹತ್ತಿರ ಸುಳಿಯಕೂಡದು! ಊರನ್ನು ಕಾಲಿನಿಂದಲೇ ನೋಡಬೇಕು, ಆಮೇಲೆ ರಾಜಗಾಂಭೀರ್ಯದಿಂದ ಹಡಗು ಏರಬೇಕು!

"ಗೆಲ್ಲೂದು ಆಮ್ಯಾಲ. ಮೊದ್ಲ ಈ ಗಂಟು ಹಿಡ್ರಿ," ಎಂದಳು ಹೆಂಡತಿ ದಾನೇಶ್ವರಿ.

ಇಬ್ಬರ ಪರಿಚಯ ಹೇಳಿಬಿಡುತ್ತೇನೆ. ನನ್ನದು ಸಿಂಧನೂರಿನಲ್ಲಿ ಮೋಟಾರ್ ವೈಂಡಿಂಗ್ ಅಂಗಡಿ. ಏಳನೇ ಇಯತ್ತೆಗೆ ಶಾಲೆ ಬಿಟ್ಟು, ಅಂಗಡಿಗೆ ಬರುವ ರದ್ದಿ ಪೇಪರ್ ಓದಿ ಓದಿ ಸಿಟ್ಟು ಮಾಡಿಕೊಳ್ಳುವುದನ್ನು ಸ್ವಂತ ಕಲಿತವನು. ವಾರಕ್ಕೊಮ್ಮೆ ಜಿಲ್ಲಾ ಪತ್ರಿಕೆಯೊಂದರಲ್ಲಿ ಅಂಕಣ ಬರೆದು ಸಮಾಜವನ್ನು ಝಾಡಿಸುತ್ತೇನೆ. ಸಮಾಜದಿಂದ ಇನ್ನೂ ಉತ್ತರ ಬಂದಿಲ್ಲ. ದಾನೇಶ್ವರಿ ಮಸ್ಕಿಯವಳು, ಲಿಂಗಸುಗೂರಿನ ಸರಕಾರಿ ಆಸ್ಪತ್ರೆಯಲ್ಲಿ ನರ್ಸ್. ಚೆನ್ನೈಗೆ ಹೋಗುವ ಈ ಹಡಗಿನ ಟಿಕೆಟ್ ಅವಳ ದುಡಿಮೆಯದು. "ಕಾಲುವ್ಯಾಗ ಎಮ್ಮಿ ಈಜೂದು ಬಿಟ್ರ ನೀರಿನ ಮ್ಯಾಲ ತೇಲೂದು ನಾ ಏನೂ ನೋಡಿಲ್ರಿ. ಒಂದ್ ಸಲಾ ಹಡಗು ಹತ್ತಿಸ್ರಿ," ಎಂದು ಮದುವೆಯಾದಾಗಿನಿಂದ ಕೇಳುತ್ತಿದ್ದಳು. ನಾನು ಹತ್ತಿಸಲಿಲ್ಲ. ಅವಳೇ ಹತ್ತಲು ಹೊರಟಿದ್ದಳು, ಜೊತೆಗೆ ನನ್ನನ್ನೂ ಕರೆದುಕೊಂಡು.

ಬಂದರಿನ ಗೇಟಿನಲ್ಲಿ ನಮ್ಮ ಸೂಟ್‌ಕೇಸುಗಳು ಮೊದಲೇ ಒಳಗೆ ಹೋದವು. ಗಂಟು ಹೋಗಲಿಲ್ಲ. ಅದರಲ್ಲಿ ನನ್ನ ಅತ್ತೆ ವೀರಭದ್ರಮ್ಮ ಮಸ್ಕಿಯಿಂದ ಬಡಿದು ಕಳಿಸಿದ ಜೋಳದ ಖಡಕ್ ರೊಟ್ಟಿ, ಶೇಂಗಾ ಹಿಂಡಿ ಎಂಬ ಚಟ್ನಿಪುಡಿ ಇದ್ದವು. ನಮ್ಮ ಕಡೆಯವರು ಚಂದ್ರಲೋಕಕ್ಕೆ ಹೋದರೂ ಮೊದಲು ರೊಟ್ಟಿ ಕಟ್ಟುತ್ತಾರೆ. ಹಡಗಿನವರು ಉಪವಾಸ ಕೆಡವಿದರೆ?

"ಬಯಟಿ ಫುಡ್ ಲೋಪಲಿಕಿ ಲೇದು ಸಾರ್," ಎಂದ ಗೇಟಿನ ಗಾರ್ಡ್. ಹೊರಗಿನ ಊಟ ಒಳಗಿಲ್ಲವಂತೆ. ಪಕ್ಕದ ಕಸದ ಡಬ್ಬಿಯತ್ತ ಬೆರಳು ತೋರಿಸಿದ.

ಅನ್ನವನ್ನು ಡಬ್ಬಿಗೆ ಹಾಕುವುದೇ? ಮದುವೆ ಮನೆಗಳಲ್ಲಿ ಎಲೆಯ ತುಂಬ ಬಿಟ್ಟೇಳುವವರ ಮೇಲೆ ಅಂಕಣದ ಮೇಲೆ ಅಂಕಣ ಕೆತ್ತಿದವನು ನಾನು! ನನ್ನ ಅಂತಃಸಾಕ್ಷಿ ಗೇಟಿನಲ್ಲೇ ಎದ್ದು ನಿಂತಿತು.

"ಅಲ್ಲೇ ಆಟೊದವ್ರು ನಿಂತಾರಲ್ರಿ, ಅವ್ರಿಗೆ ಕೊಟ್ಟು ನಡೀರಿ," ಎಂದಳು ದಾನೇಶ್ವರಿ.

"ಆಟೊದವ್ರಿಗಾ? ಸ್ಟೇಷನ್ನಿಂದ ಇಲ್ಲಿಗೆ ಡಬಲ್ ಕೇಳಿದ ಮಂದಿಗಾ? ಅನ್ನದಾನ ಅಂದ್ರ ಅರ್ಹ ಫಲಾನುಭವಿಗೆ ಮುಟ್ಟಬೇಕು, ತಿಳೀತಿಲ್ಲೋ?"

"ರೊಟ್ಟಿ ಕೊಡಾಕತ್ತೀರೋ, ರೇಷನ್ ಕಾರ್ಡ್ ಕೊಡಾಕತ್ತೀರೋ?"

ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಬಂದರಿನ ನೆತ್ತಿಗೇ ಒಂದು ಗುಡ್ಡ, ಅದರ ಮೇಲೊಂದು ಇಗರ್ಜಿ. ದೇವರ ಬಾಗಿಲಲ್ಲಿ ಹಸಿದವರು ಇರಲೇಬೇಕು. ಮೊಬೈಲ್ ನಕ್ಷೆ ಬಿಡಿಸಿದರೆ ಗೇಟಿನಿಂದ ಇಗರ್ಜಿ ಅಂಗೈಯಷ್ಟೂ ದೂರವಿಲ್ಲ. ಅಲ್ಲಿಗೇ ಹೋದರೆ ಊರು ನೋಡಿದಂತೆಯೂ ಆಯಿತು, ಧರ್ಮವೂ ಆಯಿತು!

ನಕ್ಷೆಯಲ್ಲಿ ಎಲ್ಲ ಊರೂ ಸಪಾಟು ಎಂಬುದು ನನಗೆ ಹೊಳೆಯಲಿಲ್ಲ. ಸಿಂಧನೂರಿನ ಪಕ್ಕದ ಗೊರೇಬಾಳದ ಗದ್ದೆಯಲ್ಲಿ ಬೆಳೆದವನಿಗೆ ಎತ್ತರವೆಂದರೆ ಕಾಲುವೆಯ ಏರಿ. ಇಲ್ಲಿಯದು ಓಣಿಯೋ, ಗೋಡೆಗೆ ಆನಿಸಿಟ್ಟ ನಿಚ್ಚಣಿಕೆಯೋ ತಿಳಿಯದು. ಒಬ್ಬರ ಮನೆಯ ಮಾಳಿಗೆ ಇನ್ನೊಬ್ಬರ ಅಂಗಳ. ಮಸ್ಕಿಯ ಬೆಟ್ಟ ಹತ್ತಿ ಇಳಿದೇ ದೊಡ್ಡವಳಾದ ದಾನೇಶ್ವರಿ ಸೆರಗು ಸಿಕ್ಕಿಸಿ ಮೇಕೆಯಂತೆ ಮೇಲೇರಿದಳು. ನಾನು ಗಂಟು ಹೊತ್ತು, ನೀರಿಲ್ಲದ ಬಾವಿಯಲ್ಲಿ ಓಡುವ ಪಂಪಿನಂತೆ ಬರೇ ಗಾಳಿ ಎಳೆದೆ.

ಅರ್ಧ ಗುಡ್ಡದಲ್ಲಿ ಮೊದಲ ಫಲಾನುಭವಿ ಕಂಡ. ಹರಕು ಬನಿಯನ್, ಬರಿಗಾಲು, ಮೆಟ್ಟಿಲ ಮೇಲೆ ಕೂತು ದಿಗಂತ ನೋಡುತ್ತಿದ್ದ. ಅಹಾ! ಸಿಂಧನೂರಿನ ಆಂಧ್ರ ರೈತರ ಕ್ಯಾಂಪುಗಳಲ್ಲಿ ಕಲಿತ ನನ್ನ ತೆಲುಗನ್ನು ಹೊರತೆಗೆದೆ. ಅದು ಮೋಟಾರು ಕೆಟ್ಟಾಗ ಬಯ್ಯಿಸಿಕೊಂಡು ಕಲಿತ ತೆಲುಗು, ಕರುಣೆಗೆ ಅದರಲ್ಲಿ ಶಬ್ದಗಳು ಕಡಿಮೆ.

"ತಿನು!" ಎಂದೆ, ರೊಟ್ಟಿ ಚಾಚಿ.

ಅವನು ಬೆಚ್ಚಿಬಿದ್ದ. ರೊಟ್ಟಿ ಮುಟ್ಟಿದ, ಬಡಿದ, ಮೂಸಿದ. "ಅಪ್ಪಡಮಾ?" ಹಪ್ಪಳವೇ ಎಂದು ಅವನ ಅನುಮಾನ.

"ಕಾದು, ಜೊನ್ನ ರೊಟ್ಟೆ!" ಅಲ್ಲ, ಜೋಳದ ರೊಟ್ಟಿ ಎಂದೆ.

ಅವನ ಮುಖ ಅರಳಿತು. ತನಗೆ ಸಕ್ಕರೆ ಕಾಯಿಲೆ, ಡಾಕ್ಟರು ಜೋಳದ ರೊಟ್ಟಿಯನ್ನೇ ತಿನ್ನಲು ಹೇಳಿದ್ದಾರೆ, ಈ ಊರಲ್ಲಿ ಹದವಾದದ್ದು ಸಿಗುವುದಿಲ್ಲ, ಪೂರಾ ಗಂಟು ಕೊಡಿ, ರೇಟು ಹೇಳಿ ಎಂದ. ಹಿಂದಿದ್ದ ನಾಲ್ಕಂತಸ್ತಿನ ಕಟ್ಟಡ ಅವನದೇ ಆಗಿತ್ತು. ಸೆಕೆಗೆ ಹೊರಗೆ ಕೂತಿದ್ದನಂತೆ.

ರೇಟು! ನನ್ನ ಕಣ್ಣು ಕೆಂಪಾಯಿತು. "ಮಾರೂದಿಲ್ಲ!" ಎಂದು ಕನ್ನಡದಲ್ಲೇ ಗರ್ಜಿಸಿ ರೊಟ್ಟಿ ಕಸಿದುಕೊಂಡೆ.

"ಹಂಗಾರ ಪುಕ್ಕಟೆ ಕೊಡ್ರಿ. ಪಾಪ, ಶುಗರ್ ಐತಂತ!" ಎಂದಳು ದಾನೇಶ್ವರಿ.

"ನಾಕಂತಸ್ತಿನವಗ ಪುಕ್ಕಟೆ? ಬಡವರ ಪಾಲು ಉಳ್ಳವರ ಬಾಯಿಗೆ ಹೋಗಾಕತ್ತೈತಿ ಅಂತ ಬರದಾವ ನಾ!"

"ಕೇಳಿದವಗ ಕೊಡವಲ್ಲರಿ, ಬ್ಯಾಡಂದವ್ರ ಬೆನ್ನು ಹತ್ತೀರಿ! ಗೇಟು ಮೂರಕ್ಕ ಹಾಕ್ತಾರ, ಖಬರ್ ಐತಿಲ್ಲೋ?"

ಖಬರ್ ಇತ್ತು. ಆದರೆ ಇನ್ನೂ ಮೇಲೆ ಒಂದು ಕಟ್ಟೆಯ ಮೇಲೆ ಮೂವರು ಮೀನುಗಾರರು ಬಲೆ ಪಕ್ಕಕ್ಕಿಟ್ಟು ಊಟಕ್ಕೆ ಕೂತಿದ್ದರು. ದುಡಿಯುವ ವರ್ಗ! ಕಣ್ಣು ಮುಚ್ಚಿ ಸಹಿ ಹಾಕಬಹುದಾದ ಫಲಾನುಭವಿಗಳು! ಗಂಟು ಬಿಚ್ಚಿದೆ. ಅವರಿಗೆ ಖುಷಿಯಾಯಿತು. ಹಿರಿಯನೊಬ್ಬ ಸರಿದು ಜಾಗ ಮಾಡಿದ. ರೊಟ್ಟಿ ಮುರಿದು, ತನ್ನ ಡಬ್ಬಿಯ ಮೀನಿನ ಸಾರಿನಲ್ಲಿ ಅದ್ದಿ, ಮೊದಲ ತುತ್ತನ್ನು ಪ್ರೀತಿಯಿಂದ ನನ್ನ ಮುಂದೆಯೇ ಹಿಡಿದ.

ಎಲ್ಲರೂ ಒಂದೇ ಪಂಕ್ತಿಯಲ್ಲಿ ಉಣ್ಣಬೇಕು ಎಂದು ಬರೆದು ಬರೆದು ನನ್ನ ಪೆನ್ನು ಸವೆದಿದೆ. ಪೆನ್ನು ಸವೆದಷ್ಟು ನಾಲಿಗೆ ಸವೆದಿಲ್ಲ. ಕೊರಳಲ್ಲಿನ ಲಿಂಗ, ಮೂಗಿಗೆ ಬಡಿದ ಮೀನಿನ ವಾಸನೆ, ಎದುರಿಗೆ ಚಾಚಿದ ಕೈ. ನಾವು ಮೀನು ತಿನ್ನುವುದಿಲ್ಲ ಎಂದು ಸರಳವಾಗಿ ಹೇಳಬಹುದಿತ್ತು. ಹಾಗೆ ಹೇಳಿದರೆ ನಾನೂ ಜಾತಿವಾದಿಯಂತೆ ಕಂಡೇನು ಎಂಬ ಭಯಕ್ಕೆ, "ಈರೋಜು ಉಪವಾಸಂ," ಎಂದೆ. ಇವತ್ತು ಉಪವಾಸ!

ಮುಗಿಯಿತು. ಮೂವರೂ ಕೈ ಹಿಂದಕ್ಕೆಳೆದರು. ಹಿರಿಯ ಮುರಿದ ರೊಟ್ಟಿ ಕೆಳಗಿಟ್ಟು ಕೈ ಮುಗಿದ. ಉಪವಾಸ ಇದ್ದವನ ಗಂಟಿನ ಬುತ್ತಿ ತಿಂದು ನಾವು ಯಾವ ಪಾಪಕ್ಕೆ ಹೋಗಬೇಕು ಸ್ವಾಮಿ, ಸಂಜೆ ಉಪವಾಸ ಬಿಡಲು ನಿಮಗೇ ಬೇಕಾಗುತ್ತದೆ ಎಂದು ತೆಲುಗಿನಲ್ಲಿ ಹೇಳಿ, ಗಂಟನ್ನು ತಾನೇ ಬಿಗಿಯಾಗಿ ಕಟ್ಟಿ ನನ್ನ ಹೆಗಲಿಗೇರಿಸಿದ!

ನಾಲ್ಕು ಹೆಜ್ಜೆ ದಾಟುತ್ತಲೇ ದಾನೇಶ್ವರಿ ತಿರುಗಿ ನಿಂತಳು. "ಯಾವ ಉಪವಾಸರೀ ಅದು? ಮುಂಜಾನಿ ಪ್ಲಾಟ್‌ಫಾರ್ಮಿನ್ಯಾಗ ಎರಡ್ ಪ್ಲೇಟ್ ಇಡ್ಲಿ, ಮ್ಯಾಲ ವಡಾ ಹೊಡದೀರಿ!"

"ಅದೊಂದು ಸೂಕ್ಷ್ಮ ಸಾಮಾಜಿಕ ಪ್ರಶ್ನೆ, ನಿನಗ ತಿಳಿಯಂಗಿಲ್ಲ."

"ತಿಳೀತೈತ್ರಿ. ಮೀನು ತಿನ್ನಂಗಿಲ್ಲ ಅನ್ನಾಕ ಧೈರ್ಯಿಲ್ಲ. ಅವ್ರೇನು ಹೊಡೀತಿದ್ರೇನು? ನಕ್ಕು ರೊಟ್ಟಿ ತಿಂತಿದ್ರು."

ಇಷ್ಟರಲ್ಲಿ ಇಗರ್ಜಿಯ ಅಂಗಳ ಬಂತು. ಕೆಳಗೆ ಸಮುದ್ರ ನಾಲಿಗೆ ಚಾಚಿ ಊರೊಳಗೆ ಬಂದಂತೆ ನೀರಿನ ದಾರಿ, ಅದರಾಚೆ ಗುಡ್ಡ, ಈಚೆ ಬೆಳ್ಳಗೆ ನಮ್ಮ ಹಡಗು. ಅದರ ಬಾಗಿಲಿಗೆ ಜನ ಇರುವೆ ಸಾಲಿನಂತೆ ಹತ್ತುತ್ತಿದ್ದರು. ದಾನೇಶ್ವರಿ ಆ ಸಾಲನ್ನು ನೋಡಿದಳು, ನನ್ನನ್ನು ನೋಡಿದಳು. ಪರ್ಸಿನಿಂದ ನನ್ನ ಹಡಗಿನ ಪಾಸ್ ತೆಗೆದು ನನ್ನ ಅಂಗಿಯ ಜೇಬಿಗೆ ತುರುಕಿದಳು.

"ನಾ ಇಳೀತೀನ್ರಿ. ಬರೂದಿದ್ರ ಈಗ ಬರ್ರಿ. ಇಲ್ಲಂದ್ರ ನೀವು ಬಡವರನ್ನ ಹುಡುಕ್ಕೋತ ಇರ್ರಿ. ನಾ ಈ ಹಡಗು ಬಿಡಾಕಿ ಅಲ್ಲ."

"ನೀ ನಡಿ, ಐದೇ ನಿಮಿಷ, ಬಂದೆ!"

ಅವಳು ತಿರುಗಿ ನೋಡದೆ ಇಳಿದಳು. ನಾನು ಉಸಿರು ಬರಲೆಂದು ಇಗರ್ಜಿಯ ಮೆಟ್ಟಿಲ ಮೇಲೆ ಕುಸಿದೆ. ಟವೆಲ್ ಹಾಸಿ ಗಂಟು ಬಿಚ್ಚಿ, ಮುಖದ ತುಂಬ ಕರುಣೆ ತಂದುಕೊಂಡು ಅರ್ಹರನ್ನು ಕಾದೆ. ಪ್ರಾರ್ಥನೆ ಮುಗಿಸಿ ಬಂದ ಅಜ್ಜಿಯೊಬ್ಬಳು ನನ್ನ ಬೆವರು, ಮಾಸಿದ ಅಂಗಿ, ಒಣ ರೊಟ್ಟಿ ಎಲ್ಲ ನೋಡಿ, "ಅಯ್ಯೋ ಪಾಪಂ!" ಎಂದು ಟವೆಲಿನ ಮೇಲೆ ಒಂದು ನಾಣ್ಯವಿಟ್ಟಳು. ಹಿಂದೆ ಬಂದವರೊಬ್ಬರು ಬಾಳೆಹಣ್ಣು ಇಟ್ಟರು. ಮತ್ತೊಬ್ಬರು ಬನ್ನು! ಬೇಡವೆಂದು ತಲೆಯಾಡಿಸಿದರೆ, ಸ್ವಾಭಿಮಾನಿ ಭಿಕ್ಷುಕ ಎಂದು ಮೆಚ್ಚಿ ಇನ್ನೊಂದು ಬನ್ನು ಕೊಟ್ಟರು. ಗಂಟು ಕರಗಿಸಲು ಬಂದವನ ಗಂಟು ಬೆಳೆಯತೊಡಗಿತು!

ಎದ್ದು ಓಡಿದೆ. ಗುಡ್ಡ ಇಳಿಯುವುದು ಸಲೀಸು ಎಂದುಕೊಂಡಿದ್ದೆ. ಆದರೆ ಗುಡ್ಡಕ್ಕೆ ಒಂದೇ ಮೈಯಿಲ್ಲ. ಇಳಿದಿಳಿದು ನೋಡಿದರೆ ಬಂದರು ಇಲ್ಲ, ಅಪರಿಚಿತ ಸಂತೆ! ಸುತ್ತಿ ಬಳಸಿ, ಆಟೊ ಹಿಡಿದು (ಡಬಲ್ ಅಲ್ಲ, ತ್ರಿಬಲ್ ಕೇಳಿದ, ತುಟಿ ಪಿಟಕ್ಕೆನ್ನದೆ ಕೊಟ್ಟೆ), ಗೇಟಿಗೆ ಬಂದು ಬಿದ್ದೆ.

ಗೇಟು ಹಾಕಿತ್ತು. ಗಾರ್ಡ್ ನನ್ನ ಪಾಸ್ ಓದಿದ. "ಬಸವಲಿಂಗ ಗಾರು! ಮೀ ಮೇಡಂ ಚಾಲಾ ಸೇಪು ಚೂಶಾರು." ನಿಮ್ಮ ಮೇಡಂ ಬಹಳ ಹೊತ್ತು ದಾರಿ ನೋಡಿದರು, ಆಮೇಲೆ ಹತ್ತಿದರು ಎಂದ. ಅಷ್ಟರಲ್ಲಿ ಹಡಗು ಎದೆ ನಡುಗುವಂತೆ ಒಮ್ಮೆ ಕೂಗಿ ಅಲುಗಿತು.

ಕಟ್ಟೆಯ ಮೇಲೆ ಕೂತೆ. ಕೊನೆಗೂ ಒಬ್ಬ ಅರ್ಹ ಫಲಾನುಭವಿ ಸಿಕ್ಕಿದ್ದ. ಹಸಿದಿದ್ದ, ದಿಕ್ಕಿಲ್ಲದವನಾಗಿದ್ದ, ನಾಲ್ಕಂತಸ್ತಿನ ಮನೆಯೂ ಇರಲಿಲ್ಲ. ರೊಟ್ಟಿ ಮುರಿದು ಹಿಂಡಿ ಹಚ್ಚಿ ಅವನಿಗೆ ನಾನೇ ತಿನ್ನಿಸಿದೆ, ಏಕೆಂದರೆ ಅವನು ನಾನೇ ಆಗಿದ್ದೆ.

ಫೋನ್ ಬಂತು. ದಾನೇಶ್ವರಿ!

"ತಪ್ಪಾತು," ಎಂದೆ. ಮದುವೆಯಾದ ಮೇಲೆ ಈ ಶಬ್ದ ಮೊದಲ ಸಲ ಬಾಯಿಗೆ ಬಂದಿತ್ತು. "ಅಳಬ್ಯಾಡ. ರಾತ್ರಿ ರೈಲು ಹಿಡದು ನಿನಗಿಂತ ಮೊದ್ಲ ಚೆನ್ನೈನ್ಯಾಗ ನಿಂತಿರ್ತೀನಿ."

ಆ ಕಡೆ ಗಾಳಿಯ ಸದ್ದು. ಅವಳು ಅಳುತ್ತಿರಲಿಲ್ಲ.

"ಗಡಿಬಿಡಿ ಮಾಡಬ್ಯಾಡ್ರಿ. ಊರು ಪೂರಾ ನೋಡ್ಕೊಂಡು ಸಾವಕಾಶ ಬರ್ರಿ," ಎಂದಳು. "ಇಲ್ಲಿ ಕುರ್ಚಿ ಹಾಕ್ಕೊಂಡು ಕುಂತೀನಿ. ಸುತ್ತಾ ಬರೇ ನೀರು. ಬಡವ ಯಾರು, ಸಾವ್ಕಾರ ಯಾರು ಅಂತ ಒಬ್ರೂ ಭಾಷಣ ಮಾಡವಲ್ರು. ಸಮುದ್ರ ಇಷ್ಟು ಶಾಂತ ಇರ್ತೈತಿ ಅಂತ ಗೊತ್ತಿದ್ರ, ನಿಮ್ಮ ಟಿಕೀಟ ನಾ ತೆಗಸ್ತಿದ್ದೇ ಇಲ್ರಿ!"