ಗುಲಗಂಜಿ ಹುಳು ಗಂಟೆಗೆ ಎಷ್ಟು ತಿನ್ನುತ್ತದೆ?

ಹಣೆಬರಹ ನೆಟ್ಟಗಿಲ್ಲದವನಿಗೆ ಹುಳುವೂ ಸಹಕರಿಸುವುದಿಲ್ಲ. ನನಗೆ ಇಂಥವು ನಡೆಯುತ್ತಲೇ ಇರುತ್ತವೆ. ಎಂಬತ್ತರ ದಶಕದಲ್ಲಿ ತಮಿಳು ಸೀಮೆಯ ನೆಗಮಂ ಸುತ್ತಿನ ಹತ್ತಿ ಹೊಲಗಳಲ್ಲಿ ನನಗೊಂದು ತಾತ್ಕಾಲಿಕ ಕೆಲಸ ಸಿಕ್ಕಿತ್ತು. ಗುಲಗಂಜಿ ಹುಳು ಗಿಡದ ಹೇನುಗಳನ್ನು ಗಂಟೆಗೆ ಎಷ್ಟು ತಿನ್ನುತ್ತದೆ, ಹಸಿದಿದ್ದರೆ ಎಷ್ಟು, ಹೇನು ದಟ್ಟವಾಗಿದ್ದರೆ ಎಷ್ಟು ಎಂದು ಎಣಿಸಿ ಬರೆಯಬೇಕು. ಎಣಿಕೆ ಒಪ್ಪಿಗೆಯಾದರೆ ಕೆಲಸ ಖಾಯಂ, ಇಲ್ಲದಿದ್ದರೆ ಮತ್ತೆ ಅಪ್ಪನ ಮಗ್ಗದ ಗುಂಡಿ.

೧

ಹಸಿವಿನ ಪರೀಕ್ಷೆಗೆಂದು ಹತ್ತು ಹುಳುಗಳನ್ನು ಸೀಸೆಯಲ್ಲಿಟ್ಟು ಒಂದು ದಿನ ಉಪವಾಸ ಕೆಡವಿದೆ. ಮರುದಿನ ಹೊಲದಲ್ಲಿ ಬಿಟ್ಟರೆ ಒಂದೂ ಬಾಯಿ ಹಾಕಲಿಲ್ಲ. ಮಧ್ಯಾಹ್ನದವರೆಗೆ ಕಾದು ಬೆನ್ನು ಸುಟ್ಟುಕೊಂಡು ಮನೆಗೆ ಬಂದೆ.

“ಶುಕ್ರವಾರ ನಮ್ಮ ಮನೇಲಿ ಒಂದು ಜೀವ, ಒಂದು ಉಯಿರು ಹಸಿದಿರಬೌದಾ?” ಎಂದಳು ಅವ್ವ. “ಅಯ್ಯೋ ಪಾವಂ ಅಂತ ನಾನೇ ಸೀಸೆಗೆ ಒಂದು ತೊಟ್ಟು ಬೆಲ್ಲದ ನೀರು ಬುಟ್ಟೆ.”

“ನನಗೂ ಹಸಿವಾಗಿದೆ ಅವ್ವಾ.”

“ಇರು, ಇನ್ನೂ ಒಲೆ ಹಚ್ಚಿಲ್ಲ.”

೨

ಹೇನು ಗಿಜಿಗುಡುವ ಹೊಲವೊಂದು ಸಿಕ್ಕಿತು. ಯೋಜನೆಯ ಅಧಿಕಾರಿ, ದೊಡ್ಡ ವಿಜ್ಞಾನಿ, ನೋಡಲು ಬರುತ್ತಾರೆ ಎಂದು ಹೊಲದ ಒಡೆಯ ಗೌಂಡರಿಗೆ ಮೊದಲೇ ಹೇಳಿದ್ದೇ ತಪ್ಪಾಯಿತು. ನಾವು ಹೋದಾಗ ಹೊಲವೆಲ್ಲ ಔಷಧಿಯ ವಾಸನೆ. ಹೇನೂ ಸತ್ತಿತ್ತು, ಹೇನು ತಿನ್ನುವ ಹುಳುವೂ ಸತ್ತಿತ್ತು.

ಗೌಂಡರು ಅಧಿಕಾರಿಗೆ ಎಳನೀರು ಕೊಟ್ಟು ನನ್ನ ಕಿವಿಯಲ್ಲಿ, “ದೊಡ್ಡವರು ಬರೋವಾಗ ಹೊಲದಲ್ಲಿ ಹುಳ ಪೂಚಿ ಇದ್ದರೆ ನಮಗೆ ಮರ್ಯಾದೆಯಾ ತಂಬಿ?” ಎಂದರು.

೩

ಕೊನೆಗೆ ಬೇರೊಂದು ಹೊಲ. ಎಣಿಸುವ ಗಿಡ ಗುರುತಿಗಿರಲೆಂದು ಮಗ್ಗದಲ್ಲಿ ಉಳಿದ ಹಳದಿ ನೂಲನ್ನು ಅದಕ್ಕೆ ಕಟ್ಟಿದೆ. ಕಳೆ ಕೀಳುವ ಹೆಂಗಸರು ಅದನ್ನು ಯಾರದೋ ಹರಕೆಯೆಂದುಕೊಂಡರು. ದಿನವೂ ಅರಿಶಿನ ನೀರು, ಬೇವಿನೆಲೆ, ಕುಂಕುಮ. ಹೇನುಗಳು ಊರು ಬಿಟ್ಟವು. ನಾನು ಸೊನ್ನೆಯ ಮೇಲೆ ಸೊನ್ನೆ ಬರೆದೆ. ನಿಜ ಹೇಳುತ್ತೇನೆ, ಆ ಬದುವಿನ ಮೇಲೆ ಕೂತು ಅತ್ತೆ.

ಅಧಿಕಾರಿ ಕೊನೆಯ ತಪಾಸಣೆಗೆ ಬಂದರು. ಪುಸ್ತಕ ನೋಡಿ ಅವರ ಮುಖ ಕೆಂಪಾಗುವಷ್ಟರಲ್ಲಿ ಕಳೆ ಕೀಳುವ ಅಜ್ಜಿ ಅಡ್ಡ ಬಂದಳು.

“ಕೋಪ ಬೇಡ ಸಾಮಿ. ಈ ಗಿಡದ ಹತ್ರ ಏನು ಕೇಳಿದರೂ ನಡೆಯುತ್ತೆ. ನನ್ನ ಮೊಮ್ಮಗಳಿಗೆ ವೆಳ್ಳಕೋಯಿಲಿಂದ ಗಂಡು ಬಂತು.”

ತಿರುನೆಲ್ವೇಲಿಗೆ ವರ್ಗ ಬೇಕೆಂದು ಆರು ವರ್ಷದಿಂದ ಅರ್ಜಿ ಹಾಕುತ್ತಿದ್ದ ಆ ವಿಜ್ಞಾನಿ, ಅತ್ತಿತ್ತ ನೋಡಿ, ಬೂಟು ಕಳಚಿ, ಹತ್ತಿ ಗಿಡದ ಮುಂದೆ ಕಣ್ಣು ಮುಚ್ಚಿ ನಿಂತರು.

ಹತ್ತೇ ದಿನದಲ್ಲಿ ಆದೇಶ ಬಂತು. ಅವರು ತಿರುನೆಲ್ವೇಲಿಗೆ ಹೋದರು, ಅವರ ಜೊತೆ ಯೋಜನೆಯೂ ಹೋಯಿತು, ನನ್ನ ಕೆಲಸವೂ ಹೋಯಿತು.

ಸಾಮಾನು ಕಟ್ಟಲು ಹೊಲಕ್ಕೆ ಹೋದಾಗ ಅಜ್ಜಿ ನನ್ನನ್ನು ನೋಡಿ ಮರುಗಿದಳು. “ನೂಲು ಕಟ್ಟಿದೋನೇ ನೀನು. ಒಂದು ದಿನವಾದರೂ ಕೈ ಮುಗಿದೆಯಾ, ನನ್ನ ಕಣ್ಣೇ?”