ಒಣಹಾಕಿದ ಹನ್ನೆರಡು ಫೋಟೋ

ಎಲ್ಲ ರಾದ್ಧಾಂತಕ್ಕೂ ಕಾರಣ ಒಂದು ಲೋಟ ಮಜ್ಜಿಗೆ. ಸ್ವೀಡನ್ನಿನ ಉಮೆಯೊ ಯೂನಿವರ್ಸಿಟಿಯಲ್ಲಿ ಹಳೇ ಫೋಟೋಗಳ ಪಟ್ಟಿ ಮಾಡುವ ಕೆಲಸಕ್ಕಿದ್ದ ರಮಾನಂದ, ಎರಡು ಸಾವಿರದ ಹದಿನಾಲ್ಕರ ಮಾರ್ಚಿನ ಒಂದು ಬೆಳಿಗ್ಗೆ, ಉಪ್ಪಿನಕಾಯಿಗೆ ಕೈ ಚಾಚಿದ. ಲೋಟ ಉರುಳಿತು. ಮೇಜಿನ ಮೇಲಿದ್ದ ಹನ್ನೆರಡು ಹಳೇ ಫೋಟೋಗಳಿಗೆ ಅಭಿಷೇಕವಾಯಿತು.

ಅವು ಅಂತಿಂಥ ಫೋಟೋಗಳಲ್ಲ. ಇದೇ ಊರಿನ ಹಲ್ಲಿನ ಡಾಕ್ಟರು ರೂನೆ, ಅರವತ್ತು ವರ್ಷದ ಹಿಂದೆ ಕಾಂಗೋ ಕಾಡಿಗೆ ಹೋಗಿ, ಬೇಟೆ, ಜೇನು, ಗೆಡ್ಡೆಗಳಲ್ಲೇ ಬದುಕುವ ಜನರ ಜೊತೆ ಇದ್ದು ತಂದವು. ಜೊತೆಗೆ ಏಳು ಡೈರಿ. ಬಲೆ ಬೀಸುವವರ ಪಕ್ಕ, ಜೇನು ಇಳಿಸುವವರ ಪಕ್ಕ, ಪ್ರತಿಯೊಂದು ಫೋಟೋದಲ್ಲೂ ದೊಡ್ಡ ಟೊಪ್ಪಿ ಹಾಕಿಕೊಂಡು ರೂನೆ ನಿಂತಿದ್ದ. ಎಂಟು ತಿಂಗಳಿಂದ ರಮಾನಂದ, ಫೋಟೋಗೆ ಒಂದರಂತೆ, ಸಾವಿರದ ನೂರು ಕಾರ್ಡುಗಳಲ್ಲಿ 'ಫೋಟೋ ತೆಗೆದವರು: ರೂನೆ' ಎಂದು ತುಂಬಿದ್ದ. ಅವತ್ತು ಮಧ್ಯಾಹ್ನ ಮೂರಕ್ಕೆ ಪ್ರೊಫೆಸರಮ್ಮ ಅದನ್ನೆಲ್ಲ ನೋಡಿ, ಇವನ ಕೆಲಸ ಮುಂದುವರಿಯುತ್ತದೋ ಇಲ್ಲವೋ ಹೇಳುವವರಿದ್ದರು. ಫೋಟೋ ಮನೆಗೆ ತರಬಾರದೆಂಬ ನಿಯಮ ಬೇರೆ ಇತ್ತು.

"ತೊಳೆದು ಒಣಗಿಸಿದ್ರಾಯ್ತು ಬಿಡಿ," ಎಂದಳು ಹೆಂಡತಿ ಕಮಲಾ. "ಕೆಳಗೆ ಬಿಲ್ಡಿಂಗಿನವರೆಲ್ಲರ ಲಾಂಡ್ರಿ ರೂಮಲ್ಲಿ ಬಿಸಿ ಗಾಳಿ ಬರುತ್ತಲ್ಲ. ಟೈಮ್ ಬುಕ್ ಮಾಡಿ ಹೋಗಿ, ಹಾಗೇ ನುಗ್ಗಬೇಡಿ."

ಫೋಟೋ ತೊಳೆದು ಲಾಂಡ್ರಿಯ ತಂತಿಗೆ ನೇತುಹಾಕಿ ಬಂದ; ಅವಸರದಲ್ಲಿ ಟೈಮ್ ಬುಕ್ ಮಾಡುವುದೊಂದನ್ನೇ ಮರೆತ. ಸ್ವೀಡನ್ನಿನಲ್ಲಿ ಇನ್ನೊಬ್ಬರ ಹೊತ್ತಿನಲ್ಲಿ ಲಾಂಡ್ರಿಗೆ ಕಾಲಿಟ್ಟವನನ್ನು ದೇವರೂ ಕಾಪಾಡುವುದಿಲ್ಲ. ಹನ್ನೆರಡಕ್ಕೆ ಬಂದು ನೋಡಿದರೆ ತಂತಿಯ ತುಂಬ ಯಾರದೋ ಬೆಡ್‌ಶೀಟು. ಫೋಟೋ ಒಂದೂ ಇಲ್ಲ. ಬಾಗಿಲಿಗೆ ಚೀಟಿ: 'ಇದು ನನ್ನ ಸಮಯ. ನಿಯಮ ಎಲ್ಲರಿಗೂ ಒಂದೇ. ಬಿರ್ಗಿತ್ತಾ, ಮೂರನೇ ಮಹಡಿ.'

ರಮಾನಂದ ಮೊದಲು ರದ್ದಿ ಪೇಪರಿನ ದೊಡ್ಡ ತೊಟ್ಟಿಗೆ ಸೊಂಟದವರೆಗೂ ಇಳಿದು ಹುಡುಕಿದ. ಅದೇ ಹೊತ್ತಿಗೆ ಪಕ್ಕದ ಮನೆಯ ಪಿಎಚ್‌ಡಿ ವಿದ್ಯಾರ್ಥಿ ಮಹಾಬಲೇಶ್ವರ ಬಂದ.

"ಏನ್ ಸಾರ್, ಅಲ್ಲೇ ರೂಮ್ ಮಾಡ್ಕೊಂಡ್ರಾ?"

ವಿಷಯ ಕೇಳಿ ತಲೆಯಾಡಿಸಿದ. "ಅಜ್ಜಿ ಮನೆಗೇ ಹೋಗಿ ಸಾರ್. ಕಾಲುಚೀಲ ನೋಡ್ಕೊಳ್ಳಿ. ನನ್ನದರ ತೂತಿಗೂ ಬೈದಿದ್ರು."

ಮೆಟ್ಟಿಲು ಹತ್ತುತ್ತಾ ರಮಾನಂದ ಚೀಟಿಯನ್ನು ಮತ್ತೆ ನೋಡಿದ. ಬಾಲ ಎಳೆದ ಅಕ್ಷರ, ಸಾಲಿನ ಕೊನೆಗೆ ಪೆನ್ನು ಚುಚ್ಚಿದ ಚುಕ್ಕಿ. ಎಂಟು ತಿಂಗಳು ದಿನಾ ಓದಿದ ಬರಹ. ರೂನೆಯದೆಂದುಕೊಂಡಿದ್ದ ಏಳೂ ಡೈರಿ ಇದೇ ಕೈಬರಹದಲ್ಲಿದ್ದವು.

ಎಂಬತ್ತೈದರ ಬಿರ್ಗಿತ್ತಾ ಬಾಗಿಲು ತೆರೆದರು. ಒಳಗೆ ಮೇಜಿನ ಮೇಲೆ ದಪ್ಪ ಪುಸ್ತಕಗಳ ಕೆಳಗೆ ಹನ್ನೆರಡೂ ಫೋಟೋ ಸುಕ್ಕಿಲ್ಲದೆ ಮಲಗಿದ್ದವು.

"ಹುಳಿ ವಾಸನೆ ಬರ್ತಿತ್ತು. ಇನ್ನೊಂದ್ಸಲ ತೊಳೆದೆ," ಎಂದರು.

"ಡೈರಿ... ನೀವು ಬರೆದದ್ದಾ?"

"ಮತ್ತಿನ್ಯಾರು? ರೂನೆ ನಮ್ಮಣ್ಣ. ಸೊಳ್ಳೆಗೆ ಹೆದರಿ ಟೆಂಟಿಂದ ಹೊರಗೇ ಬರ್ತಿರಲಿಲ್ಲ. ಫೋಟೋ ಅಂದ್ರೆ ಮಾತ್ರ ಟೊಪ್ಪಿ ಹಾಕ್ಕೊಂಡು ಓಡಿ ಬರ್ತಿದ್ದ. ಎಲ್ಲದರಲ್ಲೂ ಅವನೇ ನಿಂತಿದ್ದಾನಲ್ಲ, ತೆಗೆದೋರು ಯಾರು ಅಂತ ನಿನಗೆ ಒಂದಿನಾನೂ ಅನ್ನಿಸಲಿಲ್ವಾ?"

ರಮಾನಂದನಿಗೆ ನಾಚಿಕೆಯಾಯಿತು. ಅಜ್ಜಿ ಜೇನು ಇಳಿಸುವ ಹೆಂಗಸಿನ ಮುಖವನ್ನು ಬೆರಳಿನಿಂದ ಸವರಿದರು. "ಇವಳು ನನಗೆ ಬಲೆ ಹೆಣೆಯೋದು ಕಲಿಸಿದ್ಲು. ಇಲ್ಲಿರೋರೆಲ್ಲರ ಹೆಸರೂ ನನಗೆ ಗೊತ್ತು. ಪೇಪರಿನವರು ಬಂದು ಅಣ್ಣನನ್ನ ಕೇಳಿದ್ರು, ನನ್ನನ್ನ ಯಾರೂ ಕೇಳಲಿಲ್ಲ."

ಮೂರಕ್ಕೆ ಅಜ್ಜಿಯನ್ನೇ ಕರೆದುಕೊಂಡು ಹೋದ. ಫೋಟೋ ತೆಗೆದವರು ಇವರೇ ಎಂದು ತಿಳಿದು ಪ್ರೊಫೆಸರಮ್ಮ ಕುರ್ಚಿ ಬಿಟ್ಟು ಎದ್ದು ನಿಂತರು. ಕೆಲಸವನ್ನು ಇನ್ನೆರಡು ವರ್ಷ ಮುಂದುವರಿಸಿದರು. ಅಜ್ಜಿ ಹೇಳಿದ ಹಾಗೆ ಸಾವಿರದ ನೂರು ಕಾರ್ಡೂ ಮೊದಲಿಂದ ಬರೆಯಬೇಕು, ಅಷ್ಟೇ. ಬರೆದರಾಯ್ತು ಬಿಡು, ಎರಡು ವರ್ಷದ ಅನ್ನ, ಎಂದು ರಮಾನಂದ ಖುಷಿಯಾಗಿಯೇ ಮನೆಗೆ ಬಂದ. ತನ್ನ ಮೇಲಿನ ಸಾಹೇಬರು ಯಾರೆಂದು ಕೇಳುವುದನ್ನು ಮಾತ್ರ ಮರೆತಿದ್ದ.

ಮನೆ ಬಾಗಿಲಿಗೆ ಅಂಟಿಸಿದ್ದ ಚೀಟಿಯನ್ನು ಕಮಲಾ ತಂದುಕೊಟ್ಟಳು. ಬಾಲ ಎಳೆದ ಅಕ್ಷರ, ಕೊನೆಗೆ ಚುಚ್ಚಿದ ಚುಕ್ಕಿ:

'ನಾಳೆಯಿಂದ ದಿನಾ ಬೆಳಿಗ್ಗೆ ಎಂಟಕ್ಕೆ, ನನ್ನ ಪಕ್ಕದ ಕುರ್ಚಿಯಲ್ಲಿ. ಒಂದು ನಿಮಿಷವೂ ತಡವಾಗಬಾರದು. ಮಜ್ಜಿಗೆ ತರಬಾರದು.'